ಸಪ್ಪೆ ಹುಣ್ಣಿಮೆಯ ಸಾರು

ನಮ್ಮೂರಿನಲ್ಲಿ ವರ್ಷಕ್ಕೊಂದು ದಿನ ಉಪ್ಪು ತನ್ನಿಷ್ಟಕ್ಕೆ ನಡೆಯುತ್ತದೆ. ಮಾಘದ ಹುಣ್ಣಿಮೆಯಂದು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ, ನಿಮ್ಮನ್ನು ಪ್ರೀತಿಸುವವರು ತಮ್ಮ ಕೈಯಾರೆ ಹಾಕಿದ ಉಪ್ಪು ಮಾತ್ರ ನಿಮ್ಮ ನಾಲಿಗೆಗೆ ಹತ್ತುತ್ತದೆ. ಉಳಿದವರು ಹಿಡಿ ಹಿಡಿ ಸುರಿದರೂ ಸಪ್ಪೆ. ನಿಮಗೆ ನೀವೇ ಹಾಕಿಕೊಂಡರೂ ಸಪ್ಪೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮೊದಲಿನಂತಾಗುತ್ತದೆ, ಬೆಳಗಿನ ಸಾರನ್ನು ರಾತ್ರಿ ಎಲ್ಲರೂ ಚಪ್ಪರಿಸಿ ಉಣ್ಣುತ್ತಾರೆ.

ಹಳಬರು ಇದನ್ನು ಸಪ್ಪೆ ಹುಣ್ಣಿಮೆ ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು ಸಾಲ್ಟ್ ಡೇ ಎನ್ನುತ್ತಾರೆ. ಹೆಸರು ಏನಾದರೇನು, ಆ ದಿನ ಅಡುಗೆಮನೆಗೆ ಹೋಗುವಾಗ ಎದೆ ಸ್ವಲ್ಪ ಹೊಡೆದುಕೊಳ್ಳುವುದು ಎಲ್ಲರಿಗೂ ಒಂದೇ.

ಇದು ಹೇಗೆ ಶುರುವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದದ್ದು ಹೀಗೆ. ಸಮುದ್ರ ಎಲ್ಲೋ, ನಮ್ಮೂರು ಎಲ್ಲೋ. ಉಪ್ಪು ಬರುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಒಂದು ವರ್ಷ ದಾರಿ ಮುಚ್ಚಿ ಎತ್ತುಗಳು ಬರಲಿಲ್ಲ. ಊರಿನ ಪಾಳೆಯಗಾರನ ಮನೆಯಲ್ಲೂ ಸಪ್ಪೆ ಗಂಜಿ. ಹೊನ್ನಾಜಿ ಎಂಬ ಹುಡುಗಿಯ ಸೆರಗಿನ ತುದಿಯಲ್ಲಿ ಮಾತ್ರ ಒಂದು ಚಿಟಿಕೆ ಕಲ್ಲುಪ್ಪು ಉಳಿದಿತ್ತು. ಪಾಳೆಯಗಾರ ಹೇಳಿ ಕಳಿಸಿದ, ತಂದುಕೊಟ್ಟರೆ ಕೇಳಿದ್ದು ಕೊಡುತ್ತೇನೆ ಅಂತ. ಅವಳು ನೇರವಾಗಿ ಕೆರೆ ಏರಿಯ ಮಂಟಪಕ್ಕೆ ಹೋದಳಂತೆ. ಅಲ್ಲಿ ಹಿಂದಿನ ಸಲದ ಹೇರಿನ ಜೊತೆ ಬಂದು, ಜ್ವರ ಹಿಡಿದು ಉಳಿದುಬಿಟ್ಟಿದ್ದ ಎತ್ತಿನವನು ಮಲಗಿದ್ದ. ಅವನ ಗಂಜಿಗೆ ಸೆರಗಿನ ಗಂಟು ಬಿಚ್ಚಿದಳು. ಆಮೇಲೆ ಎತ್ತುಗಳು ಬಂದವು, ಊರು ತುಂಬ ಉಪ್ಪು ಬಂತು. ಆದರೆ ಆ ದಿನ ಬಂದಾಗಲೆಲ್ಲ ಉಪ್ಪಿಗೆ ಹೊನ್ನಾಜಿಯ ನೆನಪಾಗುತ್ತದೆ ಎಂದು ಅಜ್ಜಿ ಕಥೆ ಮುಗಿಸುತ್ತಿದ್ದರು. ಶಾಲೆಯ ಮೇಷ್ಟರು ಹೇಳುವುದು ಬೇರೆ. ಹೊನ್ನಾಜಿ ಉಪ್ಪು ಕೊಡಲೇ ಇಲ್ಲ, ಆಮೇಲೆ ಅವಳ ಗಂಡನಾದ ಆ ಎತ್ತಿನವನು ಸಪ್ಪೆ ಗಂಜಿಯನ್ನೇ ಉಪ್ಪಿದೆ ಎಂದು ಕುಡಿದ, ಅದಕ್ಕೇ ಈ ಹಬ್ಬ ಅಂತ. ಯಾವುದು ನಿಜವೋ. ಒಲೆಯ ಮೇಲೆ ಬೇಳೆ ಉಕ್ಕುತ್ತಿರುವಾಗ ವಿಚಾರಿಸಲು ಯಾರಿಗೆ ಪುರುಸೊತ್ತಿದೆ.

ಈಗ ಹಬ್ಬದ ಚೆಂದವೇ ಬೇರೆಯಾಗಿದೆ. ವಾರಕ್ಕೆ ಮುಂಚೆ ಬೇಕರಿಗಳ ಗಾಜಿನ ಹಿಂದೆ ಹೃದಯದ ಆಕಾರದ ಖಾರಾ ಬಿಸ್ಕತ್ತು ಬರುತ್ತದೆ, ಉಪ್ಪಿಲ್ಲದ್ದು. ಜೊತೆಗೊಂದು ಕೆಂಪು ಕಾಗದದ ಪೊಟ್ಟಣ, ಅದೂ ಖಾಲಿ. ನಿಮ್ಮ ಉಪ್ಪು ನೀವೇ ಉದುರಿಸಿ ಕೊಡಬೇಕು. ಬಸ್ ನಿಲ್ದಾಣದ ಸೌತೆಕಾಯಿಯವಳು ಆ ದಿನ ಹೋಳುಗಳಿಗೆ ಉಪ್ಪು ಹಚ್ಚುವುದಿಲ್ಲ, ಬಟ್ಟಲು ಮುಂದಕ್ಕೆ ತಳ್ಳುತ್ತಾಳೆ: "ನಿನ್ನ ಹುಡುಗಿಗೆ ನೀನೇ ಸವರು ಮಾರಾಯ, ನನ್ನ ಕೈ ಯಾಕೆ ನಡುವೆ." ಹುಡುಗಿಯರು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಅಗಿಯುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿರುತ್ತಾರೆ. ಪೇಟೆಯ ಹೋಟೆಲುಗಳಲ್ಲಿ ಕೇಸರಿಬಾತು, ಹೋಳಿಗೆ, ಬರೀ ಸಿಹಿ. ಒಂದೇ ಒಂದು ಹೋಟೆಲಿನಲ್ಲಿ ಉಪ್ಪಿಟ್ಟು ಮಾಡುತ್ತಿದ್ದರು. ಒಂದು ವರ್ಷ ಅಲ್ಲಿಗೆ, ಊರಿಗೆ ಹೊಸದಾಗಿ ಬಂದ ಅಂಚೆ ಕಚೇರಿಯ ಹೆಣ್ಣುಮಗಳೊಬ್ಬಳು, ಹಬ್ಬದ ವಿಷಯ ಗೊತ್ತಿಲ್ಲದೆ ಹೋಗಿ ಕುಳಿತಳು. ಮೊದಲ ಚಮಚ ಸಪ್ಪೆ, ತಟ್ಟೆ ಖಾಲಿಯಾಗುವಷ್ಟರಲ್ಲಿ ಹದವಾದ ಉಪ್ಪು. ಅಡುಗೆಭಟ್ಟ ಅಷ್ಟು ಹೊತ್ತೂ ಒಳಗಿನ ಕಿಂಡಿಯಿಂದ ಅವಳನ್ನು ನೋಡುತ್ತಿದ್ದನಂತೆ. ಅವರ ಮಗ ಈಗ ಆರನೇ ಕ್ಲಾಸು.

ಒಂದು ರೀತಿ ಮಾತ್ರ ಹಳಬರು, ಹೊಸಬರು ಎಲ್ಲರೂ ಪಾಲಿಸುತ್ತಾರೆ. ಆ ದಿನ ಉಂಡವರನ್ನು ಯಾರೂ "ಉಪ್ಪು ಸರಿಯಿದೆಯಾ" ಎಂದು ಕೇಳುವುದಿಲ್ಲ. ಉಂಡವರು ತಾವಾಗಿ ಹೇಳಿದರೆ ಸರಿ. ಎಷ್ಟೋ ಮನೆಗಳು ನಿಂತಿರುವುದು ಆ ಕೇಳದಿರುವುದರ ಮೇಲೆ.

ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ನಮ್ಮ ಮನೆಯವರು ಕನ್ನಡಕದ ಅಂಗಡಿ ಇಟ್ಟಿದ್ದಾರೆ, ಮಾತು ಕಡಿಮೆ. ಆದರೆ ಆ ದಿನ ಬೆಳಿಗ್ಗೆ ನನ್ನ ಮಜ್ಜಿಗೆಗೆ ತಾವೇ ಉಪ್ಪು ಹಾಕಿ, ಕಲಕಿ, ಒಲೆಯ ಪಕ್ಕ ಇಟ್ಟು ಹೋಗುತ್ತಾರೆ. ನಾನು ಕುಡಿದು ಲೋಟ ತೊಳೆದಿಡುತ್ತೇನೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಅದರ ಬಗ್ಗೆ ಆಡಿದ ಮಾತು ಅಷ್ಟೆ. ನಮ್ಮತ್ತೆ ಬದುಕಿರುವಾಗ ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಅವರು ತೀರಿಕೊಂಡ ಮರುವರ್ಷ ಸಪ್ಪೆ ಹುಣ್ಣಿಮೆಗೆ, ಅವರು ಹಾಕಿಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿಯನ್ನು ಬೆರಳ ತುದಿಯಲ್ಲಿ ತೆಗೆದು ನೆಕ್ಕಿದೆ. ಉಪ್ಪೆಂದರೆ ಉಪ್ಪು. ಭರಣಿಯ ಮುಂದೆಯೇ ಕುಳಿತು ಅತ್ತುಬಿಟ್ಟೆ. ಬಾಯಲ್ಲಿ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಭರಣಿಗೇ ಬೈದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ಎಲ್ಲ ಊರಿನಲ್ಲೂ ಇದೆ. ನಮ್ಮೂರಿನಲ್ಲಿ ಆ ಎರಡೂ ಸೇರಿ ಫಜೀತಿಯಾಗುತ್ತದೆ. ತಾಯಿಯ ಕೈಯ ಉಪ್ಪು ಮಕ್ಕಳಿಗೆ ಯಾವಾಗಲೂ ಹತ್ತುತ್ತದೆಯಲ್ಲ. ಅದಕ್ಕೇ ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಆ ದಿನ ತಾಯಿಗೆ ಅಡುಗೆಮನೆ ನಿಷಿದ್ಧ. ಹುಡುಗ ಬಂದು ಒಲೆ ಹಿಡಿಯುತ್ತಾನೆ. ಒಂದು ಪಾತ್ರೆ ಸಾರು ಅವನೇ ಮಾಡಬೇಕು, ತನ್ನ ಮನೆಯ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ತಾನೇ ಹಾಕಬೇಕು. ಹುಡುಗಿ ಉಣ್ಣಬೇಕು. ಮುಂದಿನದು ಅವಳ ನಾಲಿಗೆಗೆ ಬಿಟ್ಟದ್ದು.

ಹಿಂದಿನ ವರ್ಷ ನಮ್ಮ ಮಗಳು ಮೇದಿನಿಗೆ ಒಬ್ಬ ಬಂದು ಒಲೆ ಹಿಡಿದಿದ್ದ. ಅವಳೇ ಮೆಚ್ಚಿ ಕರೆದವನು. ಚೆಂದವಾಗಿ ಮಾತಾಡಿದ, ಚೆಂದವಾಗಿ ಒಗ್ಗರಣೆ ಕೊಟ್ಟ. ಅವಳು ತಟ್ಟೆಯ ಅಷ್ಟೂ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡಳು, ಕೈ ತೊಳೆದಳು, ಬಾಗಿಲವರೆಗೆ ಹೋಗಿ ಅವನನ್ನು ಬೀಳ್ಕೊಟ್ಟಳು. ಒಳಗೆ ಬಂದು ನನ್ನ ಪಕ್ಕ ಕುಳಿತು, "ಅಮ್ಮ, ನೀರು ಕುಡಿದಂಗಿತ್ತು ಕಣೇ" ಅಂದಳು. ಅಷ್ಟೇ. ಆಮೇಲೆ ಎಷ್ಟೋ ದಿನ ಏನು ಬಡಿಸಿದರೂ ರುಚಿ ನೋಡದೆ ನುಂಗುತ್ತಿದ್ದಳು. ಅವಳ ಆ ಮುಖ ಮತ್ತೆ ನೋಡಬಾರದು ಎಂಬುದೊಂದೇ ನನಗೆ.

ಈ ವರ್ಷ ಮುಕುಂದ ಬಂದ, ಮಧ್ಯಾಹ್ನ ಇಳಿದ ಮೇಲೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುವವನು. ಊರಿನ ಅರ್ಧ ಮದುವೆಗಳಲ್ಲಿ ಅವನ ಕೆನ್ನೆ ಉಬ್ಬಿದ್ದನ್ನು ನಾನೇ ಕಂಡಿದ್ದೇನೆ. ಚಿಕ್ಕಂದಿನಲ್ಲೇ ತಾಯಿ ಹೋಗಿದ್ದರು, ಸಾಕಿದವರು ಸೋದರತ್ತೆ ತಿರುಮಲಮ್ಮ. ಅವರೂ ಜೊತೆಗೆ ಬಂದಿದ್ದರು, ಕೈಯಲ್ಲಿ ಬೀಸಣಿಗೆ, ಬಾಯಲ್ಲಿ ಮಾತು.

"ಇವನಿಗೆ ಊದೋದು ಬಿಟ್ರೆ ಬೇರೆ ಗೊತ್ತಿಲ್ಲ ನೋಡ್ರಮ್ಮ. ಒಲೆನೂ ಊದಿ ಆರಿಸ್ತಾನೋ ಏನೋ."

"ಗ್ಯಾಸಿನೊಲೆ ಅತ್ತೆ," ಅಂದ ಮುಕುಂದ, ಹೆದರಿದ ದನಿಯಲ್ಲಿ.

ಮೇದಿನಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆಯೇ ನನಗೆ ಹೇಳಿದ್ದಳು, "ಈ ಸಲ ಸಪ್ಪೆಯಾದ್ರೆ ಇನ್ಯಾರನ್ನೂ ಕರೀಬೇಡ ಅಮ್ಮ. ನನಗೆ ಸಾಕು." ಅವಳು ಹೇಳಿದರೆ ಹೇಳಿದ ಹಾಗೆ, ಅಪ್ಪನ ಮಗಳು.

ನನ್ನ ಉಪ್ಪಿನ ಭರಣಿಯನ್ನು ಅಟ್ಟದ ಮೇಲಿಟ್ಟು, ಬೇಳೆ, ಹುಣಸೆ, ಸಾರಿನ ಪುಡಿ ಎಲ್ಲ ತೋರಿಸಿ ಹೊರಗೆ ಬಂದು ಕುಳಿತೆ. ಕುಳಿತೆ ಎಂದರೆ ಮೈ ಮಾತ್ರ ಜಗಲಿಯ ಮೇಲೆ. ಕಿವಿ ಒಳಗೇ ಇತ್ತು. ಪಾತ್ರೆ ಬಿದ್ದ ಸದ್ದು. "ಏನೂ ಆಗಿಲ್ಲ" ಎಂಬ ಅವನ ದನಿ. ಸಾಸಿವೆ ಸಿಡಿದದ್ದು, ಇಂಗಿನ ವಾಸನೆ ಬಂದದ್ದು. ಆಮೇಲೆ ಅವನು ಕೈ ತೊಳೆಯಲು ಹಿತ್ತಲಿಗೆ ಹೋದ. ಆಗಲೇ ಸಾರು ಉಕ್ಕುವ ಸದ್ದು ಕೇಳಿತು.

ಉಕ್ಕುವ ಸಾರಿನ ಸದ್ದು ಕೇಳಿಯೂ ಕುಳಿತಿರುವ ಹೆಂಗಸನ್ನು ನಾನು ಇನ್ನೂ ನೋಡಿಲ್ಲ. ಓಡಿ ಹೋಗಿ ಉರಿ ಸಣ್ಣ ಮಾಡಿದೆ. ಸೌಟಿನಿಂದ ಒಮ್ಮೆ ತಿರುವಿದೆ. ಮದುವೆಯಾದಾಗಿನಿಂದ ದಿನವೂ ಮಾಡುವಂತೆ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದೆ. ಸಪ್ಪೆ. ಪಕ್ಕದಲ್ಲೇ ಅವನ ಬಟ್ಟೆಯ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಪಾತ್ರೆ ನೋಡಿ ಅಳತೆ ಗೊತ್ತಾಗುವ ಕೈ ನನ್ನದು. ಐದೂ ಬೆರಳು ಕೂಡಿಸಿ ತೆಗೆದೆ, ಹಾಕಿದೆ, ತಿರುವಿದೆ, ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡೆ.

ಒರೆಸಿಕೊಳ್ಳುತ್ತಿರುವಾಗ ಕೈ ನಿಂತಿತು.

ಅವನ ಉಪ್ಪು ನನಗೆ ಸಪ್ಪೆಯಾಗದೆ ಇನ್ನೇನಾದೀತು? ಅವನಿಗೆ ನಾನು ಯಾರು? ಈ ದಿನ ಬೇರೆಯವರ ಪಾತ್ರೆಯ ರುಚಿ ನೋಡಬಾರದು ಎಂದು ನಾನೇ ಮಗಳಿಗೆ ಹೇಳಿಕೊಟ್ಟವಳು. ಇನ್ನು ಅವನು ಹಾಕಿದ್ದು ಹತ್ತಲಿ, ಹತ್ತದಿರಲಿ, ಮೇದಿನಿಯ ಬಾಯಿಗೆ ನನ್ನ ಉಪ್ಪು ಹತ್ತಿಯೇ ಹತ್ತುತ್ತದೆ. ಅವಳು ಅದನ್ನು ಅವನದೆಂದುಕೊಂಡು ಒಪ್ಪಿಬಿಡುತ್ತಾಳೆ.

ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ತಿರುಮಲಮ್ಮ, "ಆಯ್ತಂತೆ, ಎಲೆ ಹಾಕ್ರಮ್ಮ, ಹೊಟ್ಟೆ ತಾಳ ಹಾಕ್ತಿದೆ," ಅಂದರು. ಮೇದಿನಿ ಬಂದು ಕುಳಿತಳು. ಅವಳು ತುಟಿ ಬಿಗಿಹಿಡಿದಿದ್ದಳು. ನನ್ನೊಳಗೊಂದು ದನಿ ಮೆಲ್ಲಗೆ ಅಂದಿತು: ಬಿಡು, ಹುಡುಗ ಒಳ್ಳೆಯವನು. ಉಪ್ಪು ಯಾರದಾದರೇನು, ಮಗಳು ನಗುತ್ತಾಳಲ್ಲ. ಇದೊಂದು ದಿನ ದಾಟಿದರೆ ವರ್ಷವೆಲ್ಲ ಎಲ್ಲರ ಸಾರಿಗೂ ಉಪ್ಪಿರುತ್ತದೆ. ಆ ದನಿಗೆ ಕಿವಿಗೊಟ್ಟುಕೊಂಡೇ ಅನ್ನ ಬಡಿಸಿದೆ. ಸಾರು ಮುಕುಂದನೇ ಬಡಿಸಿದ, ಎಲೆಯ ಆಚೆಗೂ ಸ್ವಲ್ಪ ಚೆಲ್ಲಿತು.

ಮೇದಿನಿ ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ಅರಳಿತು. ನೀರಿನ ಲೋಟ ಎತ್ತಿ ಕುಡಿದಳು. ಮುಕುಂದ ಸೌಟು ಹಿಡಿದೇ ನಿಂತಿದ್ದ.

ನಮ್ಮ ಮನೆಯವರು ಎರಡು ತುತ್ತು ಉಂಡು ತಲೆ ಎತ್ತಿದರು. ಎಂದೂ ಇಲ್ಲದ್ದು, ಅವರ ಮುಖದಲ್ಲಿ ನಾಚಿಕೆಯಂಥ ನಗು. ಬಡಿಸುತ್ತಿದ್ದ ನನ್ನ ಕಡೆ ವಾಲಿ ಪಿಸುಗುಟ್ಟಿದರು, "ಏ, ಹುಡುಗನಿಗೆ ನನ್ನ ಮೇಲೂ ಅಭಿಮಾನ ಇದೆ ಕಣೇ. ಉಪ್ಪು ಹದವಾಗಿ ಹತ್ತುತ್ತಿದೆ. ಹೋದ ತಿಂಗಳು ಕನ್ನಡಕದ ಕಾಲು ಸರಿಮಾಡಿಕೊಟ್ಟಿದ್ದೆ, ಅದಕ್ಕಿರಬೇಕು."

ನಿಮ್ಮ ಬಾಯಲ್ಲಿರುವುದು ನನ್ನ ಉಪ್ಪು ಎಂದು ಹೇಗೆ ಹೇಳಲಿ?

"ನಂಗೂ ಸರಿಯಾಗಿದೆ," ಅಂದರು ತಿರುಮಲಮ್ಮ. "ಸಾಕಿದ್ದಕ್ಕೆ ಇಷ್ಟಾದ್ರೂ ಇದೆಯಲ್ಲ ಪುಣ್ಯಾತ್ಮನಿಗೆ. ನೀನೂ ಕೂತ್ಕೊಳೋ, ಕಂಬದ ಥರ ನಿಂತಿದೀಯ."

ಮುಕುಂದ ಕುಳಿತು ಒಂದು ತುತ್ತು ಉಂಡ. ಇನ್ನೊಂದು ಉಂಡ. ಕೈ ಎಲೆಯ ಮೇಲೇ ಉಳಿಯಿತು. ಅವನ ಮುಖ ಬಿಳಿಚಿಕೊಂಡದ್ದು ಎಲ್ಲರಿಗೂ ಕಂಡಿತು.

"ಏನಾಯ್ತೋ?" ಅಂದರು ತಿರುಮಲಮ್ಮ.

"ಅತ್ತೆ, ನಂಗೂ ಉಪ್ಪು ಹತ್ತುತ್ತಿದೆ."

"ಹತ್ತಿದ್ರೆ ಉಣ್ಣು."

"ನಾನು ಹಾಕಿದ್ದು ನಂಗೆ ಹತ್ತಬಾರದಲ್ಲ."

ತಿರುಮಲಮ್ಮನ ಬೀಸಣಿಗೆ ನಿಂತಿತು. ಅವರು ಒಬ್ಬೊಬ್ಬರನ್ನೇ ನೋಡಿದರು. "ಇದಕ್ಕೆ ಬೇರೆ ಯಾರ ಕೈಯೋ ಬಿದ್ದಿದೆ."

"ನಂದು," ಅಂದೆ. ಆ ಒಳಗಿನ ದನಿ ಇನ್ನೂ ಏನೋ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿ ಹೇಳಿದೆ, "ಉಕ್ಕುತ್ತಿತ್ತು, ಒಳಗೆ ಹೋದೆ. ರುಚಿ ನೋಡಿಬಿಟ್ಟೆ. ಸಪ್ಪೆ ಅನ್ನಿಸ್ತು, ಕೈ ತಾನಾಗೇ ಹೋಯ್ತು. ಬಡಿಸೋಕೆ ಮುಂಚೆನೇ ಹೇಳಬೇಕಿತ್ತು, ಹೇಳಲಿಲ್ಲ. ಮೇದಿನಿ, ನಿನ್ನ ನಾಲಿಗೆಗೆ ಹತ್ತಿದ್ದು ನನ್ನ ಉಪ್ಪೇ ಇರಬಹುದು ಮಗಳೇ. ಅವನದು ಅಂತ ನಂಬಬೇಡ."

ನಮ್ಮ ಮನೆಯವರು ಮೆಲ್ಲಗೆ ತಮ್ಮ ಎಲೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಎಲೆ ನೋಡಿ ಇನ್ನೊಂದು ದೊಡ್ಡ ತುತ್ತು ಕಲಸಿದರು. ಮುಕುಂದ ತಲೆ ತಗ್ಗಿಸಿ, "ಇನ್ನೊಂದ್ಸಲ ಮಾಡ್ತೀನಿ ಆಂಟಿ, ಬೇಳೆ ಇದೆ," ಅಂದ. ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮೇದಿನಿ ಲೋಟ ಕೆಳಗಿಟ್ಟಳು. "ಅಮ್ಮ, ಆ ತಂಬಿಗೆ ಇತ್ತ ಕೊಡು."

ಕೊಟ್ಟೆ. ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದಳು.

"ಎಷ್ಟು ಹಾಕಿದೆ ನೀನು?"

"ಯಾವಾಗ್ಲೂ ಹಾಕುವಷ್ಟು. ಈ ಪಾತ್ರೆಗೆ ಐದು ಬೆರಳು."

"ನೀನು ಐದು ಬೆರಳು ಹಾಕಿದ ಸಾರು ಹುಟ್ಟಿದಾಗಿನಿಂದ ಉಂಡಿದೀನಿ. ಒಂದು ದಿನ ನೀರು ಕೇಳಿದ್ದುಂಟಾ?" ಅವಳು ಅಂಗೈಯಿಂದ ಬಾಯಿ ಒರೆಸಿಕೊಂಡಳು. "ಇದು ಕಹಿಯಾಗೋಷ್ಟು ಉಪ್ಪು ಅಮ್ಮ. ನಾಲಿಗೆ ಇಡಕ್ಕಾಗಲ್ಲ. ಅಪ್ಪನಿಗೆ ಹದ, ಅವರತ್ತೆಗೆ ಹದ. ನನಗೊಬ್ಬಳಿಗೇ ಯಾಕೆ ಎರಡರಷ್ಟು?"

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿರುಮಲಮ್ಮನಿಗೆ ಅಷ್ಟೂ ಬೇಕಾಗಲಿಲ್ಲ. ಬೀಸಣಿಗೆಯಿಂದ ಮುಕುಂದನ ಬೆನ್ನಿಗೆ ಒಂದು ಕೊಟ್ಟರು. "ಕೇಳಿಸ್ತಾ? ನಿಂದೂ ಹತ್ತಿದೆ, ಅವರಮ್ಮಂದೂ ಹತ್ತಿದೆ. ಎರಡೂ ಸೇರಿ ಹುಡುಗಿ ಬಾಯಿ ಸುಟ್ಟಿದೆ."

ಮುಕುಂದ ತಲೆ ಎತ್ತಿದ. ಮೇದಿನಿ ಅವನನ್ನು ನೋಡಲಿಲ್ಲ, ಎಲೆಯನ್ನೇ ನೋಡುತ್ತಾ ಮತ್ತೊಂದು ತುತ್ತು ಕಲಸಿದಳು. ಕಿವಿಯ ತುದಿ ಕೆಂಪಾಗಿತ್ತು.

"ಬಿಸಿನೀರು ಬೆರೆಸಿ ಕೊಡ್ಲಾ?" ಅಂದೆ.

"ಬೇಡ. ಹೀಗೇ ಇರ್ಲಿ."

"ಉಪ್ಪು ತಿಂದೋರು ನೀರು ಕುಡೀಲೇಬೇಕು," ಅಂದರು ನಮ್ಮ ಮನೆಯವರು. ಆ ದಿನ ಅವರು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಎದ್ದು ಹೋಗಿ ಇನ್ನೊಂದು ತಂಬಿಗೆ ತುಂಬಿಸಿ ತಂದು ಮಗಳ ಪಕ್ಕ ಇಟ್ಟರು.

ಮೇದಿನಿ ಆ ಸಾರನ್ನು ಎರಡು ಸಲ ಬಡಿಸಿಕೊಂಡಳು. ಹಿಂದಿನ ವರ್ಷ ಹೇಗೆ ಉಂಡಿದ್ದಳೆಂದು ನನಗೆ ಗೊತ್ತು. ಈಗ ಕಣ್ಣಲ್ಲಿ ನೀರು ಬರಿಸಿಕೊಂಡು, ಮೂಗು ಸೆಳೆದುಕೊಂಡು, ಒಂದೊಂದು ತುತ್ತಿಗೂ ಮುಖ ಹಿಂಡುತ್ತಾ ಉಂಡಳು.

ಕೈ ತೊಳೆಯುವಾಗ ತಿರುಮಲಮ್ಮ ನನ್ನನ್ನು ಹಿತ್ತಲ ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. "ಒಂದು ಕೇಳ್ಲಾ ವನಮಾಲಮ್ಮ. ನಮ್ಮ ಹುಡುಗನ ನಾಲಿಗೆಗೆ ಹತ್ತಿದ ಉಪ್ಪು ಯಾರದು?"

ಅವನದು ಅವನಿಗೆ ಹತ್ತುವುದಿಲ್ಲ. ಇನ್ನು ಉಳಿದದ್ದು ನನ್ನದೇ.

"ಬರೋಕೆ ಮುಂಚೆ ಹೆದರಿದ್ದೆ ಕಣಮ್ಮ," ಅಂದರು. "ತಾಯಿ ಇಲ್ಲದ ಹುಡುಗ, ಹೆಣ್ಣು ಕೊಡೋರ ಮನೇಲಿ ಹೇಗೋ ಏನೋ ಅಂತ. ನೀವು ಒಲೆ ಮುಂದೆ ನಿಂತು ನಿಮ್ಮ ಮಗಳಿಗೆ ಮಾತ್ರ ಹಾಕಿದೆ ಅಂದ್ಕೊಂಡ್ರಿ. ಉಪ್ಪು ನಿಮಗಿಂತ ಮುಂಚೆ ಇವನನ್ನೂ ಎಣಿಸ್ಕೊಂಡಿದೆ." ಬೀಸಣಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಎಲ್ಲರೂ ಜಗಲಿಗೆ ಹೋದರು. ಒಳಗೆ ನಾನೊಬ್ಬಳೇ. ಹೊರಗೆ ಮೇದಿನಿ ಏನೋ ಹೇಳಿ, ಮುಕುಂದ ನಕ್ಕದ್ದು ಕೇಳುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಾ ಬಂದಿತ್ತು, ಸೂರ್ಯ ಇನ್ನೂ ಮುಳುಗಿರಲಿಲ್ಲ. ಊಟ ನನಗೆ ಮಾತ್ರ ಬಾಕಿ. ಸಾರಿನ ಪಾತ್ರೆಯ ತಳದಲ್ಲಿ ಸ್ವಲ್ಪ ಬೇಳೆ ಉಳಿದಿತ್ತು. ಅದಕ್ಕೇ ಒಂದು ಹಿಡಿ ಅನ್ನ ಹಾಕಿ ಬಳಿದೆ. ಸಪ್ಪೆಯೇ ಇರುತ್ತದೆಂದು ಗೊತ್ತಿತ್ತು. ನನ್ನ ಉಪ್ಪು ನನಗೆ ಹತ್ತುವುದಿಲ್ಲ, ಅವನದನ್ನು ಆಗಲೇ ಅಂಗೈಯಲ್ಲಿ ನೆಕ್ಕಿ ನೋಡಿಯಾಗಿತ್ತು.

ಅಷ್ಟರಲ್ಲಿ ಮುಕುಂದ ಬಾಗಿಲಿಗೆ ಬಂದ. "ಪಾತ್ರೆ ನಾನು ತೊಳೀತೀನಿ, ಇಡಿ," ಅಂದ. ಆಮೇಲೆ, ನಾಲಿಗೆ ಹೊಸ ಮಾತನ್ನು ರುಚಿ ನೋಡುವಂತೆ ಸ್ವಲ್ಪ ತಡೆದು, ಆಂಟಿ ಎನ್ನುವುದನ್ನು ಬಿಟ್ಟು, "ಅತ್ತೆ," ಅಂದ.

"ಇರಪ್ಪಾ, ಉಂಡು ಕೊಡ್ತೀನಿ," ಅಂದೆ.

ತುತ್ತು ಬಾಯಿಗಿಟ್ಟೆ. ಹದವಾಗಿತ್ತೆಂದು ಹೇಳಲಾರೆ. ಇನ್ನೊಂದು ಚಿಟಿಕೆ ಬೇಕಿತ್ತು. ಆದರೆ ಸಪ್ಪೆಯಾಗಿರಲಿಲ್ಲ.